ತಾಲ್ಲೂಕು ಆಸ್ಪತ್ರೆಯಲ್ಲಿ ಸಂಶೋಧನಾ ತಂಡ ಕಟ್ಟುವ ಬಗೆ

ಹೆರಿಗೆಯಾದ ಮೇಲೆ ತಾಯಿಗೆ ಎಷ್ಟು ರಕ್ತ ಹೋಯಿತು ಎಂದು ಕೇಳಿದರೆ ನಮ್ಮ ಹೆರಿಗೆ ಕೋಣೆಗಳಲ್ಲಿ ಬಹುಕಾಲ ಸಿಗುತ್ತಿದ್ದ ಉತ್ತರ ಕಣ್ಣಂದಾಜಿನದು. ಎರಡು ಬಟ್ಟೆ ಪೂರ್ತಿ ನೆನೆದವು, ಸ್ವಲ್ಪ ಜಾಸ್ತಿಯೇ ಹೋಯಿತು, ಆದರೂ ಪರವಾಗಿಲ್ಲ ಎಂಬಂಥ ಮಾತುಗಳೇ ಅಳತೆಯ ಜಾಗದಲ್ಲಿ ಕುಳಿತಿರುತ್ತಿದ್ದವು. ಮಿಸೊಪ್ರೊಸ್ಟಾಲ್ ಮಾತ್ರೆ ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಬಲ್ಲುದೇ ಎಂದು ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 2002ರಿಂದ 2005ರವರೆಗೆ ಪರೀಕ್ಷಿಸಿದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರಿಗೂ ಇದೇ ತೊಡಕು ಎದುರಾಯಿತು. ಅಳೆಯಲಾಗದ್ದನ್ನು ಹೋಲಿಸುವುದು ಹೇಗೆ? ಅಮೆರಿಕದ ಸಹೋದ್ಯೋಗಿಗಳೊಂದಿಗೆ ಸೇರಿ ಅವರು ಬಳಕೆಗೆ ತಂದದ್ದು ತಾಯಿಯ ಸೊಂಟದ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ. ಅದರ ತುದಿ ಆಲಿಕೆಯಂತೆ ಕಿರಿದಾಗಿ ಚೀಲವಾಗುತ್ತದೆ, ಚೀಲದ ಮೇಲೆ ಮಿಲಿಲೀಟರಿನ ಗೆರೆಗಳಿರುತ್ತವೆ. ಈ ಚೀಲದ ಲೆಕ್ಕಕ್ಕೆ ಹೋಲಿಸಿದರೆ ಕಣ್ಣಂದಾಜು ಸುಮಾರು ಮೂರನೇ ಒಂದು ಪಾಲು ಕಡಿಮೆ ಹೇಳುತ್ತಿತ್ತು.

ಆ ಅಧ್ಯಯನದಲ್ಲಿ 1,620 ತಾಯಂದಿರ ಹೆರಿಗೆ ಮಾಡಿಸಿ ಚೀಲದ ಗೆರೆ ಓದಿದವರು ದೊಡ್ಡ ಆಸ್ಪತ್ರೆಯ ತಜ್ಞರಲ್ಲ, ಹಳ್ಳಿಗಳ 25 ಮಂದಿ ಎಎನ್‌ಎಂಗಳು, ಅಂದರೆ ಹೆರಿಗೆ ಮಾಡಿಸಲು ತರಬೇತಿ ಪಡೆದ ಸಹಾಯಕ ಶುಶ್ರೂಷಕಿಯರು. ಮಿಸೊಪ್ರೊಸ್ಟಾಲ್ ಪಡೆಯದವರಲ್ಲಿ ಶೇ. 12ರಷ್ಟಿದ್ದ ರಕ್ತಸ್ರಾವದ ಪ್ರಮಾಣ ಅದನ್ನು ಪಡೆದವರಲ್ಲಿ ಶೇ. 6.4 ಮಾತ್ರ ಇದ್ದದ್ದು 2006ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅಂಥದ್ದೇ ಗೆರೆಚೀಲವನ್ನು ಮುಂದೆ ಕೀನ್ಯಾ, ನೈಜೀರಿಯಾ, ಟಾಂಜಾನಿಯಾ ಮತ್ತು ದಕ್ಷಿಣ ಆಫ್ರಿಕಾದ 80 ಆಸ್ಪತ್ರೆಗಳ ದೊಡ್ಡ ಅಧ್ಯಯನದಲ್ಲಿ ಬಳಸಿ, 2023ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು.

ಕಡಿಮೆ ಆದಾಯದ ದೇಶಗಳು ತಮ್ಮ ಆರೋಗ್ಯ ವೆಚ್ಚದ ಕನಿಷ್ಠ ಶೇ. 2ರಷ್ಟನ್ನು ಸಂಶೋಧನೆಗೂ ಸಂಶೋಧಕರನ್ನು ಬೆಳೆಸುವುದಕ್ಕೂ ಮೀಸಲಿಡಬೇಕೆಂದು ಅಂತರರಾಷ್ಟ್ರೀಯ ಆಯೋಗವೊಂದು 1990ರಲ್ಲೇ ಹೇಳಿತ್ತು. ಆ ಹಣ ತಾಲ್ಲೂಕು ಮಟ್ಟಕ್ಕೆ ಇಳಿದು ಬರಲೆಂದು ಕಾಯುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಹೆಚ್ಚು ಖರ್ಚಿಲ್ಲದೆ, ಇರುವ ಸಿಬ್ಬಂದಿಯೊಂದಿಗೆ, ಇರುವ ದಾಖಲೆಗಳಿಂದ ಒಂದು ಪ್ರಶ್ನೆಯನ್ನು ಹಿಡಿದು ಅದನ್ನು ಕೊನೆ ಮುಟ್ಟಿಸುವುದು ಹೇಗೆ ಎಂಬುದನ್ನು ತಾಲ್ಲೂಕು ಆಸ್ಪತ್ರೆಯ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ಶುಶ್ರೂಷಾಧಿಕಾರಿ, ಲ್ಯಾಬ್ ಟೆಕ್ನೀಷಿಯನ್ ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಬರೆದಿದ್ದೇನೆ.

ಪ್ರಶ್ನೆ ಎಲ್ಲಿಂದ ಬರಬೇಕು

ಮೊದಲ ತಿಂಗಳು ಏನನ್ನೂ ಅಳೆಯಲು ಹೋಗಬೇಡಿ. ತಂಡದ ಪ್ರತಿಯೊಬ್ಬರೂ ತಮ್ಮ ಕೆಲಸದಲ್ಲಿ ಬೇಸರ ತರಿಸುವ, ಪದೇ ಪದೇ ಎಡವುವ, ಯಾಕೆ ಹೀಗಾಗುತ್ತದೆ ಎಂದು ಗೊತ್ತಾಗದ ಸಂಗತಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಲಿ. ಕಫ ಪರೀಕ್ಷೆಗೆ ಹೆಸರು ಬರೆಸಿದವರಲ್ಲಿ ಕೆಲವರು ಎರಡನೆಯ ಮಾದರಿ ಕೊಡಲು ಬರುವುದೇ ಇಲ್ಲ ಎಂಬುದು ಲ್ಯಾಬ್ ಟೆಕ್ನೀಷಿಯನ್‌ಗೆ ಗೊತ್ತಿರುತ್ತದೆ. ರಕ್ತದೊತ್ತಡದ ಮಾತ್ರೆಯನ್ನು ಹಬ್ಬದ ತಿಂಗಳಲ್ಲಿ ಯಾರು ಬಿಡುತ್ತಾರೆಂಬುದು ಔಷಧ ವಿತರಿಸುವವರಿಗೆ ಗೊತ್ತಿರುತ್ತದೆ. ಇವೆಲ್ಲ ಸಂಶೋಧನೆಯ ಪ್ರಶ್ನೆಗಳೆಂದು ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೆ.

ತಿಂಗಳ ಕೊನೆಗೆ ಪಟ್ಟಿಯಲ್ಲಿನ ಒಂದೊಂದನ್ನೂ ಎತ್ತಿಕೊಂಡು, ಇದರ ಉತ್ತರ ಸಿಕ್ಕರೆ ನಮ್ಮದೇ ಅಧಿಕಾರದ ಮಿತಿಯಲ್ಲಿ, ಮುಂದಿನ ವರ್ಷದೊಳಗೆ, ನಾವು ಏನನ್ನು ಬದಲಾಯಿಸುತ್ತೇವೆ ಎಂದು ಕೇಳಿಕೊಳ್ಳಿ. ಉತ್ತರ ಹೊಳೆಯದಿದ್ದರೆ ಆ ಪ್ರಶ್ನೆ ಎಷ್ಟೇ ಘನವಾಗಿದ್ದರೂ ಪಕ್ಕಕ್ಕಿಡಿ. ತಾಯಿ ಮರಣದಂಥ ದೊಡ್ಡ ವಿಷಯವೇ ಬೇಕೆಂಬ ಆಸೆ ಹೊಸಬರಿಗೆ ಸಹಜ. ಆದರೆ 2018–20ರ ಅಂದಾಜಿನಂತೆ ಕರ್ನಾಟಕದಲ್ಲಿ ತಾಯಿ ಮರಣ ಲಕ್ಷ ಜನನಕ್ಕೆ 69. ತಿಂಗಳಿಗೆ 100 ಹೆರಿಗೆಯಾಗುವ ಆಸ್ಪತ್ರೆಯಲ್ಲಿ ವರ್ಷಕ್ಕೆ ಒಂದು ಮರಣವೂ ಲೆಕ್ಕಕ್ಕೆ ಬರುವುದಿಲ್ಲ. ಅಂಥ ಮರಣವನ್ನು ಒಂದೊಂದಾಗಿ ಪರಿಶೀಲಿಸಬೇಕೇ ಹೊರತು ಅಲ್ಲಿ ಅಂಕಿಅಂಶದ ಅಧ್ಯಯನಕ್ಕೆ ಜಾಗವಿಲ್ಲ. ರಕ್ತಹೀನತೆಯುಳ್ಳ ಗರ್ಭಿಣಿಯರಲ್ಲಿ ಎಷ್ಟು ಮಂದಿಗೆ ಹೆರಿಗೆಗೆ ಮುಂಚೆ ಮತ್ತೊಮ್ಮೆ ಹಿಮೋಗ್ಲೋಬಿನ್ ನೋಡಲಾಗಿದೆ ಎಂಬ ಪ್ರಶ್ನೆಗಾದರೆ ಅದೇ 100 ಹೆರಿಗೆಗಳು ಸಾಕಾಗಬಹುದು.

ಪ್ರಶ್ನೆಯೊಳಗೇ ಉತ್ತರವನ್ನು ಅಡಗಿಸಿಡುವ ಚಾಳಿಯೊಂದು ನಮ್ಮೆಲ್ಲರಿಗೂ ಇದೆ. ಜನರಿಗೆ ತಿಳಿವಳಿಕೆ ಇಲ್ಲದ್ದರಿಂದ ಆಸ್ಪತ್ರೆಗೆ ಬರುವುದಿಲ್ಲ ಎಂದು ಮೊದಲೇ ತೀರ್ಮಾನಿಸಿ, ತಿಳಿವಳಿಕೆಯ ಮಟ್ಟ ಅಳೆಯಲು ಹೊರಡುವ ಅಧ್ಯಯನಗಳಿಗೆ ಇಂದಿಗೂ ಬರವಿಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಇದನ್ನು ತಿರುಗಿಸಿ ನೋಡಿದರು. ಸಮೀಕ್ಷೆಯಲ್ಲಿ ಕ್ಷಯ ಪತ್ತೆಯಾದವರ ಮನೆಗೇ ಹೋಗಿ, ನಿಮಗೆ ಏನಾಗುತ್ತಿತ್ತು, ಅದಕ್ಕೆ ನೀವು ಏನು ಮಾಡಿದಿರಿ ಎಂದು ವಿಚಾರಿಸಿದರು. ಬಹುಪಾಲು ಜನರಿಗೆ ತಮ್ಮ ಕೆಮ್ಮು, ಜ್ವರದ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಅದಾಗಲೇ ಚಿಕಿತ್ಸೆಗಾಗಿ ಓಡಾಡಿದ್ದರು. ಅಂಥವರನ್ನು ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳಿಸಲಾಗುತ್ತಿತ್ತು. 1963ರಲ್ಲಿ ಪ್ರಕಟವಾದ ಈ ಅಧ್ಯಯನವು ಕ್ಷಯ ಪತ್ತೆಯನ್ನು ಸಾಮಾನ್ಯ ಆಸ್ಪತ್ರೆಗಳಲ್ಲೇ, ಕಫ ಪರೀಕ್ಷೆಯ ಮೂಲಕ ನಡೆಸಬೇಕೆಂಬ ನೀತಿಗೆ ಬಲ ಕೊಟ್ಟಿತು. ದೋಷ ಯಾರಲ್ಲಿದೆಯೆಂದು ಮೊದಲೇ ಬರೆದುಕೊಂಡು ಹೋಗಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ರಿಜಿಸ್ಟರನ್ನು ಓದುವುದು

ಹೊಸ ಪ್ರಶ್ನಾವಳಿ ಮುದ್ರಿಸುವ ಮುಂಚೆ ಈಗಿರುವ ರಿಜಿಸ್ಟರುಗಳನ್ನು ಓದಿ. ಓದುವುದೆಂದರೆ ಪುಟ ತಿರುವುವುದಲ್ಲ. ಹಿಂದಿನ ಒಂದು ತಿಂಗಳ ಎಲ್ಲ ಸಾಲುಗಳನ್ನೂ ತೆಗೆದುಕೊಂಡು, ನಿಮಗೆ ಬೇಕಾದ ಕಾಲಂಗಳಲ್ಲಿ ಎಷ್ಟು ಖಾಲಿ ಇವೆ, ಎಷ್ಟು ಕಡೆ ಮೇಲಿನ ಸಾಲಿನದೇ ಎಂಬ ಗುರುತು ಹಾಕಲಾಗಿದೆ, ತಾಯಿ ಕಾರ್ಡಿನಲ್ಲಿರುವ ತಾರೀಖು ಇಲ್ಲಿಯ ತಾರೀಖಿಗೆ ಹೊಂದುತ್ತದೆಯೇ ಎಂದು ಎಣಿಸುವುದು. ಈ ಎಣಿಕೆಗೆ ಎರಡು ಮಧ್ಯಾಹ್ನ ಸಾಕು, ಮುಂದಿನ ಆರು ತಿಂಗಳ ವ್ಯರ್ಥ ಶ್ರಮ ಇದರಿಂದ ತಪ್ಪುತ್ತದೆ.

ನಾನು ಮೊದಲು ಕೈಹಾಕಿದ ಅಧ್ಯಯನ ಕೆಟ್ಟದ್ದು ಈ ಎಣಿಕೆ ಮಾಡದೆಯೇ. ಕಡಿಮೆ ತೂಕದ, ಅಂದರೆ ಎರಡೂವರೆ ಕಿಲೋಗಿಂತ ಕಡಿಮೆ ತೂಗುವ, ಶಿಶುಗಳು ಯಾವ ಹಳ್ಳಿಗಳಲ್ಲಿ ಹೆಚ್ಚೆಂದು ನೋಡುವ ಉತ್ಸಾಹದಲ್ಲಿ ಎರಡು ವರ್ಷಗಳ ಹೆರಿಗೆ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸಿದೆವು. ತೂಕಗಳ ನಕ್ಷೆ ಬರೆಸಿದಾಗ ಎರಡೂವರೆ ಕಿಲೋದ ಜಾಗದಲ್ಲಿ ಒಂದು ಕಂಬ ಎದ್ದು ನಿಂತಿತ್ತು, ಅದರ ಎಡಕ್ಕೆ ಬಯಲು. ರಿಜಿಸ್ಟರಿಗೆ ಮರಳಿ ನೋಡಿದರೆ ಪುಟದ ಮೇಲಿಂದ ಕೆಳಗಿನವರೆಗೂ 2.5, 2.5, 2.6, 2.5. ತಕ್ಕಡಿ ಕೆಟ್ಟಿದೆಯೆಂದೇ ನಾನು ಭಾವಿಸಿದೆ. ಹಿರಿಯ ಶುಶ್ರೂಷಾಧಿಕಾರಿಯೊಬ್ಬರು ನನ್ನನ್ನು ಬದಿಗೆ ಕರೆದು, "ಡಾಕ್ಟ್ರೇ, ಎರಡೂವರೆಗಿಂತ ಕಡಿಮೆ ಬರೆದರೆ ಬೇರೆ ಫಾರಂ ತುಂಬಬೇಕು, ಜಿಲ್ಲಾಸ್ಪತ್ರೆಗೆ ಫೋನು ಮಾಡಬೇಕು, ಮನೆಯವರು ಜಗಳಕ್ಕೆ ಬರುತ್ತಾರೆ, ರಾತ್ರಿ ಪಾಳಿಯಲ್ಲಿ ನಾನೊಬ್ಬಳೇ ಇರುತ್ತೇನೆ" ಎಂದರು. ಮಗು 2,430 ಗ್ರಾಂ ಇದ್ದು ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ ಅವರು ಅದನ್ನು ಎರಡೂವರೆ ಮಾಡಿಬಿಡುತ್ತಿದ್ದರು. ಅದರಲ್ಲಿ ಮೋಸಕ್ಕಿಂತ ಹೆಚ್ಚಾಗಿ ಒಂದು ಬಗೆಯ ವಿವೇಕವೇ ಇತ್ತೆಂದು ನನಗೆ ಈಗಲೂ ಅನ್ನಿಸುತ್ತದೆ. ಹಾಳಾದದ್ದು ನನ್ನ ಎರಡು ವರ್ಷದ ಅಂಕಿ.

ಅಲ್ಲಿಂದಾಚೆಗೆ ನಾನು ಅನುಸರಿಸುವ ಕ್ರಮ ಹೀಗಿದೆ. ಯಾವ ಕಾಲಂ ಅಧ್ಯಯನಕ್ಕೆ ಬೇಕೋ ಅದನ್ನು ದಿನವೂ ತುಂಬುವವರ ಪಕ್ಕದಲ್ಲಿ ಒಂದು ಪಾಳಿಯ ಹೊತ್ತು ಕೂರಬೇಕು. ಅವರು ಆ ಸಂಖ್ಯೆಯನ್ನು ಯಾವಾಗ ಬರೆಯುತ್ತಾರೆ, ಎಲ್ಲಿ ನೋಡಿ ಬರೆಯುತ್ತಾರೆ, ಒಂದು ಸಂಖ್ಯೆ ಬರೆದರೆ ಅವರ ಮೇಲೆ ಬೀಳುವ ಹೆಚ್ಚುವರಿ ಕೆಲಸವೇನು ಎಂಬುದನ್ನು ತಿಳಿಯಬೇಕು. ತೂಕದ ವಿಷಯದಲ್ಲಿ ನಾವು ಮಾಡಿದ್ದು ಚಿಕ್ಕ ಬದಲಾವಣೆಗಳನ್ನು. ರಿಜಿಸ್ಟರನ್ನು ತಕ್ಕಡಿಯ ಪಕ್ಕಕ್ಕೆ ತಂದಿಟ್ಟೆವು, ಕಿಲೋ ಬದಲು ಗ್ರಾಂಗಳಲ್ಲಿ ಬರೆಯುವ ರೂಢಿ ಮಾಡಿಸಿದೆವು, ಬೆಳಗಿನ ಪಾಳಿಯವರು ಒಂದು ಕಿಲೋ ತೂಕದ ಕಲ್ಲಿಟ್ಟು ತಕ್ಕಡಿಯನ್ನು ಪರೀಕ್ಷಿಸಿ ಸಹಿ ಮಾಡುವಂತೆ ಗೊತ್ತುಮಾಡಿದೆವು, ಆ ಬೇರೆ ಫಾರಂ ತುಂಬುವ ಹೊಣೆಯನ್ನು ಹಗಲಿನ ಸಿಬ್ಬಂದಿಗೆ ವಹಿಸಿದೆವು. ಕಂಬ ಕರಗಲು ಸ್ವಲ್ಪ ಕಾಲ ಹಿಡಿಯಿತು.

ಛೇದದ, ಅಂದರೆ ಒಟ್ಟು ಎಷ್ಟು ಜನರಲ್ಲಿ ಎಂಬ ಸಂಖ್ಯೆಯ, ಮಾತನ್ನೂ ಇಲ್ಲಿಯೇ ಹೇಳಬೇಕು. ಆಸ್ಪತ್ರೆಗೆ ಬಂದವರಲ್ಲಿ ಎಷ್ಟು ಮಂದಿಗೆ ಕಾಯಿಲೆ ಎಂಬುದಕ್ಕೂ ಊರಿನಲ್ಲಿ ಎಷ್ಟು ಮಂದಿಗೆ ಕಾಯಿಲೆ ಎಂಬುದಕ್ಕೂ ಅಜಗಜಾಂತರವಿದೆ. ಊರಿನ ಲೆಕ್ಕ ಬೇಕೆಂದರೆ ಮನೆ ಮನೆಯ ಎಣಿಕೆ ಬೇಕು. ಬಾಂಗ್ಲಾದೇಶದ ಮತ್ಲಬ್ ಪ್ರದೇಶದಲ್ಲಿ 1966ರಿಂದ ಜನನ, ಮರಣ, ವಲಸೆಗಳನ್ನು ಮನೆ ಮನೆಗೂ ಹೋಗಿ ಬರೆದುಕೊಳ್ಳಲಾಗುತ್ತಿದ್ದು, ಆ ಕ್ಷೇತ್ರದಿಂದ ಇಷ್ಟೊಂದು ನಂಬಲರ್ಹ ಅಧ್ಯಯನಗಳು ಹೊರಬರಲು ಮುಖ್ಯ ಕಾರಣ ಆ ಛೇದವೇ. ನಮ್ಮ ಆಶಾ ಕಾರ್ಯಕರ್ತೆಯರ ಮನೆ ಸಮೀಕ್ಷೆಯ ಪುಸ್ತಕ ಅಷ್ಟು ನಿಖರವಲ್ಲದಿದ್ದರೂ ಎರಡು ಮೂರು ಹಳ್ಳಿಗಳ ಮಟ್ಟಿಗೆ ಅದನ್ನು ತಿದ್ದಿ ಬಳಸಬಹುದು.

ಜನ, ವೇಳೆ, ವರ್ಗಾವಣೆ

ತಂಡಕ್ಕೆ ನಾಲ್ವರು ಸಾಕು. ಒಬ್ಬ ವೈದ್ಯಾಧಿಕಾರಿ, ಒಬ್ಬ ಶುಶ್ರೂಷಾಧಿಕಾರಿ, ದಾಖಲೆ ಅಥವಾ ಲ್ಯಾಬಿನ ಒಬ್ಬರು, ಮತ್ತು ಹತ್ತಿರದ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದಿಂದ ಒಬ್ಬ ಮಾರ್ಗದರ್ಶಿ. ಸಂಖ್ಯಾಶಾಸ್ತ್ರ ಬಲ್ಲವರನ್ನು ಅಂಕಿ ಸಂಗ್ರಹವಾದ ಮೇಲೆ ಹುಡುಕಿಕೊಂಡು ಹೋಗುವುದು ನಮ್ಮಲ್ಲಿ ಎಲ್ಲೆಡೆ ಕಾಣುವ ತಪ್ಪು. ಮನೆ ಕಟ್ಟಿ ಮುಗಿಸಿ ಎಂಜಿನಿಯರನ್ನು ಕರೆದಂತೆ ಅದು. ಎಷ್ಟು ಜನರನ್ನು ಸೇರಿಸಬೇಕು, ಯಾರನ್ನು ಯಾರೊಂದಿಗೆ ಹೋಲಿಸಬೇಕು ಎಂಬುದು ಮೊದಲ ಭೇಟಿಯಲ್ಲೇ ತೀರ್ಮಾನವಾಗಬೇಕು.

ವಾರಕ್ಕೆ ಅರ್ಧ ದಿನವನ್ನು ಡ್ಯೂಟಿ ಪಟ್ಟಿಯಲ್ಲಿ ಲಿಖಿತವಾಗಿ ತೋರಿಸಿ. ಬಿಡುವಾದಾಗ ಮಾಡೋಣ ಎಂದ ಕೆಲಸಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಡುವು ಹುಟ್ಟುವುದಿಲ್ಲ. ಆಶಾ ಕಾರ್ಯಕರ್ತೆಯರಿಂದ ಹೆಚ್ಚುವರಿ ಮನೆ ಭೇಟಿ ಮಾಡಿಸುವುದಾದರೆ ಅದಕ್ಕೆ ಹಣ ಕೊಡಬೇಕು, ಕೊಡಲಾಗದಿದ್ದರೆ ಆ ಭಾಗವನ್ನು ಅಧ್ಯಯನದಿಂದ ಕೈಬಿಡಬೇಕು. ಇದರಲ್ಲಿ ನಾನು ರಾಜಿಗೆ ಒಪ್ಪುವವನಲ್ಲ.

ವರ್ಗಾವಣೆ ಬಂದು ಅರ್ಧಕ್ಕೆ ನಿಂತ ಅಧ್ಯಯನಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಪ್ರತಿ ಕೆಲಸವನ್ನೂ ಇಬ್ಬರು ಕಲಿತಿರುವಂತೆ, ಕಡತದ ಕೀಲಿಯೂ ಪಾಸ್‌ವರ್ಡೂ ಒಬ್ಬರ ಬಳಿಯೇ ಉಳಿಯದಂತೆ, ತೆಗೆದುಕೊಂಡ ಪ್ರತಿ ತೀರ್ಮಾನವೂ ಕಾರಣದೊಂದಿಗೆ ನೋಟ್‌ಬುಕ್ಕಿನಲ್ಲಿರುವಂತೆ ನೋಡಿಕೊಂಡರೆ, ಹೊಸದಾಗಿ ಬಂದವರು ಅಲ್ಲಿಂದಲೇ ಮುಂದುವರಿಸಬಹುದು. ವೈದ್ಯಾಧಿಕಾರಿಗಿಂತ ಅದೇ ಊರಿನಲ್ಲಿ ಬೇರು ಬಿಟ್ಟಿರುವ ಸಿಬ್ಬಂದಿಯ ಮೇಲೆ ತಂಡದ ಭಾರ ಹೆಚ್ಚಾಗಿ ನಿಲ್ಲಬೇಕು.

ಅನುಮತಿ ಮತ್ತು ಅಂಕಿಯ ಕಾವಲು

ಜಿಲ್ಲಾ ಆರೋಗ್ಯಾಧಿಕಾರಿಗಳ ಅನುಮತಿ ಬೇರೆ, ಅಧ್ಯಯನಕ್ಕೆ ಸೇರುವವರ ಹಿತ ಕಾಯುವ ನೈತಿಕ ಸಮಿತಿಯ ಒಪ್ಪಿಗೆ ಬೇರೆ, ಒಂದರಿಂದ ಇನ್ನೊಂದು ಬಂದಂತಾಗುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ನೈತಿಕ ಸಮಿತಿಯಲ್ಲಿ 7ರಿಂದ 15 ಸದಸ್ಯರಿರಬೇಕು, ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು, ವೈದ್ಯಕೀಯಕ್ಕೆ ಸಂಬಂಧಪಡದ ಸಾಮಾನ್ಯ ವ್ಯಕ್ತಿಯೊಬ್ಬರೂ ಇರಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಇಷ್ಟನ್ನು ಕಟ್ಟುವುದು ಕಷ್ಟವಾದ್ದರಿಂದ ಮಾರ್ಗದರ್ಶಿಯ ಕಾಲೇಜಿನ ಸಮಿತಿಯ ಮೊರೆಹೋಗುವುದೇ ಸರಿ. ಗುರುತು ಅಳಿಸಿದ ಹಳೆಯ ದಾಖಲೆಗಳ ಅಧ್ಯಯನಕ್ಕೆ ಪೂರ್ಣ ಸಭೆಯ ಪರಿಶೀಲನೆ ಬೇಡವಾಗಬಹುದು, ಆದರೆ ಬೇಡವೆಂದು ಹೇಳಬೇಕಾದವರು ಸಮಿತಿಯವರು, ನಾವಲ್ಲ. ಔಷಧ ಅಥವಾ ಬೇರಾವುದೇ ವಿಧಾನವನ್ನು ಪ್ರಯೋಗಿಸಿ ಹೋಲಿಸುವ ಅಧ್ಯಯನವಾದರೆ, ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆಯೇ 2007ರಲ್ಲಿ ಆರಂಭವಾದ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಬೇಕು.

ಒಪ್ಪಿಗೆ ಪತ್ರವನ್ನು ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ತರಬೇಡಿ. ಕನ್ನಡದಲ್ಲೇ ಬರೆದು, ಆ ಊರಿನ ಒಬ್ಬ ಹೆಂಗಸಿನ ಮುಂದೆ ಗಟ್ಟಿಯಾಗಿ ಓದಿ, ಆಕೆಗೆ ಅರ್ಥವಾದದ್ದನ್ನು ಆಕೆಯ ಮಾತಿನಲ್ಲೇ ಹೇಳಿಸಿಕೊಳ್ಳಿ. ಬೇಡವೆಂದರೆ ಇಲ್ಲಿ ಸಿಗುವ ಚಿಕಿತ್ಸೆಗೇನೂ ತೊಂದರೆಯಿಲ್ಲ ಎಂಬ ವಾಕ್ಯ ಮುಟ್ಟಿದೆಯೇ ಎಂದು ವಿಶೇಷವಾಗಿ ನೋಡಿ, ಏಕೆಂದರೆ ಕೇಳುತ್ತಿರುವವರು ಆಸ್ಪತ್ರೆಯವರೇ ಆದಾಗ ಇಲ್ಲವೆನ್ನುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಅಂಕಿ ಏರಿಸಲು ಎಪಿಡೇಟಾದಂಥ ಉಚಿತ ತಂತ್ರಾಂಶಗಳಿವೆ, ಮೊಬೈಲಿನಲ್ಲಿ ತುಂಬುವುದಾದರೆ ಕೋಬೋಟೂಲ್‌ಬಾಕ್ಸ್ ಇದೆ. ತಂತ್ರಾಂಶ ಯಾವುದೇ ಇರಲಿ, ಕೊನೆಗೆ ಫಲಿತಾಂಶ ತುಂಬಬೇಕಾದ ಖಾಲಿ ಕೋಷ್ಟಕಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಯಾವ ಕೋಷ್ಟಕದಲ್ಲೂ ಜಾಗವಿಲ್ಲದ ಪ್ರಶ್ನೆಯನ್ನು ಫಾರಂನಿಂದ ಹೊಡೆದುಹಾಕಿ. ಕಾಗದದಿಂದ ಏರಿಸುವಾಗ ಇಬ್ಬರು ಬೇರೆ ಬೇರೆಯಾಗಿ ಏರಿಸಿ ತಾಳೆ ನೋಡಬೇಕು. ರೋಗಿಗಳ ಪಟ್ಟಿಯ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸ ಈಗ ಎಲ್ಲ ಕಡೆ ಬೇರೂರಿದೆ, ಅಧ್ಯಯನದ ಮೊದಲ ದಿನವೇ ಅದನ್ನು ನಿಲ್ಲಿಸಬೇಕು. ಹೆಸರಿಗೂ ಸಂಕೇತ ಸಂಖ್ಯೆಗೂ ಇರುವ ನಂಟಿನ ಪಟ್ಟಿ ಒಂದೇ ಒಂದಿರಲಿ, ಅದು ಬೀಗದೊಳಗಿರಲಿ.

ಹೊರಗಿನ ಹಣ ಬಂದಾಗ

ಎರಡು ಮೂರು ಅಧ್ಯಯನ ಮುಗಿಸಿದ ತಂಡವನ್ನು ಹುಡುಕಿಕೊಂಡು ಹೊರಗಿನವರು ಬರುತ್ತಾರೆ, ಬರುವುದು ಒಳ್ಳೆಯದೇ. ಬೆಳಗಾವಿಯ ಕೆಲಸವೂ ವಿದೇಶದ ನೆರವಿನಿಂದಲೇ ನಡೆದದ್ದು. ಆದರೆ ಬೆಳಗಾವಿಯವರು ಅಂಕಿ ಕೂಡಿಸಿ ಕಳಿಸುವಷ್ಟಕ್ಕೆ ನಿಲ್ಲದೆ, ಅಳೆಯುವ ಸಾಧನ ರೂಪಿಸುವುದರಲ್ಲೂ ಲೇಖನ ಬರೆಯುವುದರಲ್ಲೂ ಪಾಲು ಹೊಂದಿದ್ದರು. ಸಹಿ ಹಾಕುವ ಮುಂಚೆ ಕೇಳಬೇಕಾದ್ದು ಈ ಪಾಲಿನ ಬಗ್ಗೆಯೇ. ಪ್ರಶ್ನೆ ಯಾರದು? ಅಂಕಿಯ ಪೂರ್ಣ ಪ್ರತಿ ನಮ್ಮ ಆಸ್ಪತ್ರೆಯಲ್ಲಿ ಉಳಿಯುತ್ತದೆಯೇ? ವಿಶ್ಲೇಷಣೆ ಮಾಡುವಾಗ ನಮ್ಮವರೊಬ್ಬರು ಪಕ್ಕದಲ್ಲಿ ಕೂತು ಕಲಿಯಲು ಆಯವ್ಯಯದಲ್ಲಿ ಹಣವಿದೆಯೇ? ಮೊದಲ ಲೇಖಕರು ಯಾರು? ಕೊನೆಯ ಪ್ರಶ್ನೆ ಕೇಳಲು ನಮಗೆ ಸಂಕೋಚವಾಗುತ್ತದೆ. ಆ ಸಂಕೋಚದಿಂದಾಗಿಯೇ ನಮ್ಮವರ ಹೆಸರು ಲೇಖನದ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಉಳಿದಿರುತ್ತದೆ.

ವಿದೇಶಿ ನೆರವಿನ ಆರೋಗ್ಯ ಸಂಶೋಧನೆಗೆ ಕೇಂದ್ರ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕಾಗುತ್ತದೆ, ಅದಕ್ಕೆ ತಗಲುವ ತಿಂಗಳುಗಳನ್ನು ವೇಳಾಪಟ್ಟಿಯಲ್ಲಿ ಸೇರಿಸಿಕೊಳ್ಳಿ. ಸ್ವಯಂಸೇವಾ ಸಂಸ್ಥೆಯ ಮೂಲಕ ಹಣ ತರುವ ಆಲೋಚನೆಯಿದ್ದರೆ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಅಂಥ ದೇಣಿಗೆಯನ್ನು ಪಡೆದ ಸಂಸ್ಥೆ ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ ಎಂಬುದನ್ನು ಮರೆಯಬೇಡಿ.

ಮುಗಿಸುವುದು

ಶುರುವಾದ ಅಧ್ಯಯನಗಳು ಬಹಳ, ಮುಗಿದವು ಕಡಿಮೆ. ಕ್ಷಯರೋಗದ ಅಂತರರಾಷ್ಟ್ರೀಯ ಒಕ್ಕೂಟವೂ ಗಡಿರಹಿತ ವೈದ್ಯರ ಸಂಸ್ಥೆಯೂ 2009ರಲ್ಲಿ ಆರಂಭಿಸಿ, ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಸಾರ್ಟ್ ಇಟ್ ಎಂದು ಹೆಸರಾದ ಸಂಶೋಧನಾ ತರಬೇತಿ, ಅರ್ಧಕ್ಕೆ ಬಿಡುವ ಈ ರೋಗಕ್ಕೆ ಕಂಡುಕೊಂಡ ಮದ್ದು ನಿಷ್ಠುರವಾದದ್ದು. ಸುಮಾರು ಒಂದು ವರ್ಷದಲ್ಲಿ ಮೂರು ಕಾರ್ಯಾಗಾರಗಳು. ಮೊದಲನೆಯದರಲ್ಲಿ ಪ್ರಸ್ತಾವ, ಎರಡನೆಯದರಲ್ಲಿ ಅಂಕಿ, ಮೂರನೆಯದರಲ್ಲಿ ಲೇಖನ. ಗೊತ್ತುಪಡಿಸಿದ ದಿನಕ್ಕೆ ಗೊತ್ತುಪಡಿಸಿದ ಕೆಲಸ ಮುಗಿಸದವರಿಗೆ ಮುಂದಿನ ಹಂತಕ್ಕೆ ಪ್ರವೇಶವಿಲ್ಲ. ನಿಮ್ಮ ತಂಡದೊಳಗೂ ಅಂಥ ಮೂರು ತಾರೀಖುಗಳನ್ನು ಗೋಡೆಗೆ ಅಂಟಿಸಿ, ಅವು ತಪ್ಪಿದರೆ ಮಾರ್ಗದರ್ಶಿಗೆ ಲಿಖಿತವಾಗಿ ಕಾರಣ ಕೊಡುವ ಏರ್ಪಾಡು ಮಾಡಿಕೊಳ್ಳಿ.

ಫಲಿತಾಂಶ ಮೊದಲು ಹೋಗಬೇಕಾದದ್ದು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಎರಡು ಪುಟದಲ್ಲಿ, ಕನ್ನಡದಲ್ಲಿ. ಪತ್ರಿಕೆಯ ಲೇಖನ ಆಮೇಲೆ. ವಾರದೊಳಗೆ ಪ್ರಕಟಿಸುತ್ತೇವೆ, ಇಷ್ಟು ಹಣ ಕಳಿಸಿ ಎಂದು ಇಮೇಲ್ ಬರೆಯುವ ಪತ್ರಿಕೆಗಳ ಹತ್ತಿರವೂ ಸುಳಿಯಬೇಡಿ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿ ಕಟ್ಟಿದ ಸರ್ಚ್ ಸಂಸ್ಥೆಯ ತಂಡವು ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಿಂದ ಮನೆಯಲ್ಲೇ ನವಜಾತ ಶಿಶುಗಳ ಆರೈಕೆ ಮಾಡಿಸಿ, ಮೂರನೇ ವರ್ಷಕ್ಕೆ ನವಜಾತ ಶಿಶು ಮರಣ ಶೇ. 62ರಷ್ಟು ಇಳಿದದ್ದನ್ನು 1999ರಲ್ಲಿ ಪ್ರಕಟಿಸಿತು. ಅದು ಆಶಾ ಕಾರ್ಯಕರ್ತೆಯರ ಮನೆ ಭೇಟಿಯಾಗಿ ದೇಶದ ಕಾರ್ಯಕ್ರಮಕ್ಕೆ ಸೇರಿದ್ದು 2011ರಲ್ಲಿ. ಒಳ್ಳೆಯ ಪತ್ರಿಕೆಯಲ್ಲಿ ಬಂದ ಮೇಲೂ ಹನ್ನೆರಡು ವರ್ಷ ಹಿಡಿದಿರುವಾಗ, ನಮ್ಮ ಜಿಲ್ಲೆಯ ಮಟ್ಟಿಗಾದರೂ ತಾನಾಗಿ ಬದಲಾಗುತ್ತದೆಂದು ಕಾಯದೆ, ಯಾರ ಮೇಜಿನ ಮೇಲೆ ಯಾವ ಕಾಗದ ಹೋಗಬೇಕೆಂದು ನಾವೇ ನೋಡಬೇಕು.

ಅಂಕಿ ಕೊಟ್ಟವರಿಗೂ ಫಲಿತಾಂಶ ತಲುಪಬೇಕು. ಆಶಾ ಕಾರ್ಯಕರ್ತೆಯರ ಮಾಸಿಕ ಸಭೆಯಲ್ಲಿ ಇಪ್ಪತ್ತು ನಿಮಿಷ ಕೇಳಿ ಪಡೆದು, ಒಂದೇ ಒಂದು ಕೋಷ್ಟಕವನ್ನು ಹಲಗೆಯ ಮೇಲೆ ಬರೆದು ತೋರಿಸಿ. ನಿಮ್ಮ ಲೆಕ್ಕದಲ್ಲಿ ಮಳೆಗಾಲದ ಮೂರು ತಿಂಗಳು ಯಾಕೆ ಹೀಗಿದೆ, ಆಗ ನಮ್ಮ ಕಡೆಯ ಹಳ್ಳ ದಾಟಲು ಆಗುವುದಿಲ್ಲವಲ್ಲ ಎಂದು ಹಿಂದಿನ ಸಾಲಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದನ್ನು ಅವರ ಮಾತಿನಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮುಂದಿನ ವರ್ಷ ಆ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವಾಗ, ಪ್ರಸ್ತಾವದಲ್ಲಿ ಮುಖ್ಯ ಸಂಶೋಧಕರ ಹೆಸರು ಬರೆಯುವ ಜಾಗದಲ್ಲಿ ಶುಶ್ರೂಷಾಧಿಕಾರಿಯ ಹೆಸರು ಬರಲಿ. ವೈದ್ಯಾಧಿಕಾರಿಗೆ ಎರಡನೆಯ ಸಲ ಅಂಕಿ ಏರಿಸಿ ತಾಳೆ ನೋಡುವ ಕೆಲಸ ಇದ್ದೇ ಇರುತ್ತದೆ.